ಎಲ್ಫ್‌ಗಳಿಗೆ ಮದುವೆ ವಯಸ್ಸು ಎಷ್ಟು? ನನ್ನ ಕಾದಂಬರಿಗೆ ನಾನು ಲೆಕ್ಕ ಹಾಕಿದ ರೀತಿ

ಎಲ್ಫ್ ಅಂದ್ರೆ ಇಂಗ್ಲಿಷ್ ಫ್ಯಾಂಟಸಿ ಕಥೆಗಳಲ್ಲಿ ಬರೋ, ಚೂಪು ಕಿವಿಯ, ಸಾವಿರಾರು ವರ್ಷ ಬದುಕೋ ಜನ. ಅವರ ಕಥೆ ಬರೀಬೇಕು ಅಂತ ಕೇಳ್ಕೊಂಡು ಬರೋ ಹುಡುಗ್ರಿಗೆ ನಾನು ಹೇಳೋದು ಒಂದೇ ಮಾತು. ಮದುವೆ ಸೀನ್ ಬರೆಯೋಕೆ ಮುಂಚೆ ಕೂತು ವಯಸ್ಸಿನ ಲೆಕ್ಕ ಹಾಕಿ. ಉಂಗುರ ಯಾವ ಬೆರಳಿಗೆ, ಹಾಡು ಯಾವುದು, ಬಟ್ಟೆ ಯಾವ ಬಣ್ಣ, ಅದೆಲ್ಲ ಆಮೇಲೆ. ಸಾವಿರಾರು ವರ್ಷ ಬದುಕೋ ಜನಕ್ಕೆ ಮದುವೆ ಯಾಕೆ ಬೇಕು, ಯಾವಾಗ ಬೇಕು, ಅವತ್ತು ಆಡಿದ ಮಾತನ್ನ ನೆನಪಿಟ್ಕೊಳ್ಳೋರು ಯಾರು, ಇಷ್ಟಕ್ಕೆ ಉತ್ತರ ಸಿಕ್ಕಿದ್ರೆ ಶಾಸ್ತ್ರಗಳು ಅದರಿಂದಾನೇ ಹುಟ್ಕೊಳ್ತವೆ. ನನ್ನ ಕಾದಂಬರಿಯಲ್ಲಿ ಹಾಗೇ ಆಯ್ತು. ಹೇಗೆ ಅಂತ ಇಲ್ಲಿ ಬಿಡಿಸಿ ಬರೀತೀನಿ, ಸ್ವಲ್ಪ ಉದ್ದ ಆಗುತ್ತೆ.

ನಾನು ಸೋಮವಾರಪೇಟೆ ಕಡೆಯವನು, ಕಾಫಿ ತೋಟದಲ್ಲಿ ರೈಟರ್ ಕೆಲಸ. ಹೊರಗಿನವ್ರಿಗೆ ಗೊತ್ತಿರಲ್ಲ, ತೋಟದ ರೈಟ್ರು ಅಂದ್ರೆ ಆಳುಗಳ ಹಾಜರಿ, ಚೆಕ್‌ರೋಲ್, ಗೊಬ್ಬರದ ಸ್ಟಾಕು, ಮಳೆ ರಿಜಿಸ್ಟರ್ ಇದನ್ನೆಲ್ಲ ನೋಡ್ಕೊಳ್ಳೋರು. ನಮ್ಮಲ್ಲಿ ಮಳೆಯನ್ನ ಈಗ್ಲೂ ಇಂಚು ಸೆಂಟಿನಲ್ಲೇ ಬರೆಯೋದು. ಹಳೇ ಮಳೆ ರಿಜಿಸ್ಟರ್ ತೆಗೆದು ನೋಡಿದ್ರೆ ಒಬ್ಬ ರೈಟ್ರ ಕೈಬರಹ ಮುಗಿದು ಇನ್ನೊಬ್ಬರ ಕೈಬರಹ ಶುರುವಾಗುತ್ತೆ, ಆದ್ರೆ ಕಾಲಮ್ಮು ಅದೇ, ಲೆಕ್ಕ ಅದೇ. ಈ ರಿಜಿಸ್ಟರ್ ನೋಡ್ತಾ ನೋಡ್ತಾನೇ ನನಗೆ ದೀರ್ಘಾಯುಷಿಗಳ ಕಥೆ ಬರೀಬೇಕು ಅನ್ನೋ ಆಸೆ ಹುಟ್ಟಿದ್ದು. ಒಬ್ಬನೇ ಮನುಷ್ಯ ಆ ಎಲ್ಲ ಮಳೆಗಾಲಾನೂ ನೋಡಿದ್ರೆ ಅವನ ಮನಸ್ಸು ಹೇಗಿರುತ್ತೆ, ಅವನು ಯಾರನ್ನ ಮದುವೆ ಆಗ್ತಾನೆ, ಮಳೆ ಹಿಡಿದ ರಾತ್ರಿ ಕರೆಂಟ್ ಹೋದಾಗೆಲ್ಲ ಇದೇ ಯೋಚನೆ.

ಎಲ್ಫ್ ಅಂದ ಮೇಲೆ ‘ಲಾರ್ಡ್ ಆಫ್ ದಿ ರಿಂಗ್ಸ್’ ಬರೆದ ಟೋಲ್ಕಿನ್‌ನ ಓದದೆ ಮುಂದಕ್ಕೆ ಹೋಗೋಕಾಗಲ್ಲ. ಅವರು 1950ರ ದಶಕದ ಕೊನೆಯಲ್ಲಿ ಎಲ್ಫ್‌ಗಳ ಕಟ್ಟಳೆ ಮತ್ತು ಆಚಾರಗಳ ಬಗ್ಗೆ ಒಂದು ಉದ್ದದ ಬರಹ ಬರೆದಿದ್ರು, ಅವರು ತೀರ್ಕೊಂಡ ಮೇಲೆ ಮಗ ಕ್ರಿಸ್ಟೋಫರ್ ಅದನ್ನ 1993ರಲ್ಲಿ ‘ಮಾರ್ಗಾತ್ಸ್ ರಿಂಗ್’ ಅನ್ನೋ ಸಂಪುಟದಲ್ಲಿ ಸೇರಿಸಿ ಪ್ರಕಟಿಸಿದ್ರು. ಈ ವಿಷಯಕ್ಕೆ ಅದಕ್ಕಿಂತ ಒಳ್ಳೇ ಪಾಠ ನಾನಂತೂ ನೋಡಿಲ್ಲ. ಅದರ ಪ್ರಕಾರ ಎಲ್ಫ್ ಮಗುವಿನ ಮೈ ಮನುಷ್ಯರ ಮಗುವಿಗಿಂತ ನಿಧಾನ ಬೆಳೆಯುತ್ತೆ, ಬುದ್ಧಿ ಮಾತ್ರ ಬೇಗ. ವರ್ಷ ತುಂಬೋದ್ರೊಳಗೇ ಮಾತಾಡುತ್ತೆ, ನಡೆಯುತ್ತೆ, ಕುಣಿಯುತ್ತೆ. ಆದ್ರೆ ಮನುಷ್ಯನ ಮಗು ಪೂರ್ತಿ ಬೆಳೆದು ನಿಲ್ಲೋ ವಯಸ್ಸಿಗೆ ಎಲ್ಫ್ ಮಗು ನೋಡೋಕೆ ಇನ್ನೂ ಏಳು ವರ್ಷದ್ದರ ಥರ ಇರುತ್ತೆ. ಮೈ ಪೂರ್ತಿ ಬೆಳೆಯೋದು 50ನೇ ವರ್ಷದ ಹೊತ್ತಿಗೆ, ಕೆಲವರಿಗೆ 100 ಕೂಡ ಆಗುತ್ತೆ. ಹೆಚ್ಚಿನವರು 50 ಆದ ಸ್ವಲ್ಪ ದಿನಕ್ಕೇ ಮದುವೆ ಆಗ್ತಾರೆ. ನಿಶ್ಚಿತಾರ್ಥಕ್ಕೆ ಬೆಳ್ಳಿ ಉಂಗುರ, ಕನಿಷ್ಠ ಒಂದು ವರ್ಷ ಕಾಯ್ಬೇಕು, ಆಮೇಲೆ ಮದುವೆಗೆ ಚಿನ್ನದ ಉಂಗುರ, ಅದನ್ನ ಬಲಗೈ ತೋರುಬೆರಳಿಗೆ ಹಾಕೋದು. ಹುಡುಗಿಯ ತಾಯಿ ಹುಡುಗನಿಗೆ ಒಂದು ಒಡವೆ ಕೊಡ್ತಾಳೆ, ಹುಡುಗನ ತಂದೆ ಹುಡುಗಿಗೆ ಒಂದು ಕೊಡ್ತಾನೆ. ಮಕ್ಕಳು ನಾಲ್ಕಕ್ಕಿಂತ ಜಾಸ್ತಿ ಆಗೋದೇ ಅಪರೂಪ. ಟೋಲ್ಕಿನ್ ಕಥೆಯ ಎಲ್ಫ್ ರಾಜಕುಮಾರ ಫಿಯನೋರ್‌ಗೆ ಏಳು ಗಂಡುಮಕ್ಕಳು ಅನ್ನೋದು ಅವರ ಲೋಕದಲ್ಲೇ ದೊಡ್ಡ ಸುದ್ದಿ.

ಇದನ್ನ ಓದೋವಾಗ ನನಗೆ ತುಂಬ ಇಷ್ಟ ಆಗಿದ್ದು ಏನಂದ್ರೆ, ಪ್ರತಿ ಆಚಾರಕ್ಕೂ ಹಿಂದೆ ಆಯಸ್ಸಿನ ಒಂದು ಕಾರಣ ಇದೆ. ಮಗುವನ್ನ ಹೊರೋಕೆ, ಹೆರೋಕೆ ತಂದೆತಾಯಿಯ ಚೇತನದಲ್ಲೇ ಒಂದು ಪಾಲು ಹೋಗುತ್ತೆ, ಅದಕ್ಕೇ ಮಕ್ಕಳು ಕಮ್ಮಿ. ಜೀವ ಲೋಕ ಇರೋವರೆಗೂ ಇರುತ್ತೆ, ಅದಕ್ಕೇ ಮದುವೆ ಒಂದೇ ಸಲ. ಬಸುರಿನ ಕಾಲ ಸುಮಾರು ಒಂದು ವರ್ಷ, ಹಾಗಾಗಿ ವಯಸ್ಸನ್ನ ಹುಟ್ಟಿದ ದಿನದಿಂದ ಎಣಿಸಲ್ಲ, ಗರ್ಭ ನಿಂತ ದಿನದಿಂದ ಎಣಿಸ್ತಾರೆ. ಅಲಂಕಾರಕ್ಕೆ ಅಂತ ಸುಮ್ನೆ ತಂದು ಇಟ್ಟಿದ್ದು ಅಲ್ಲಿ ಒಂದೂ ಕಾಣಲ್ಲ. ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಅನ್ನೋ, ಪಾತ್ರ ವಹಿಸ್ಕೊಂಡು ಕಥೆ ಕಟ್ಟೋ ಆಟದವರು ಬೇರೆ ದಾರಿ ಹಿಡಿದಿದಾರೆ, ಅದರ ಐದನೇ ಆವೃತ್ತಿಯಲ್ಲಿ ಎಲ್ಫ್ ಮೈ ಮನುಷ್ಯರ ಹಾಗೇ ಬೆಳೆಯುತ್ತೆ, ಆದ್ರೆ 100ರ ಹತ್ರ ಬಂದ ಮೇಲೇ ದೊಡ್ಡವರ ಹೆಸರು ಇಟ್ಕೊಂಡು ದೊಡ್ಡವನು ಅನ್ನಿಸ್ಕೊಳ್ಳೋದು, ಆಯಸ್ಸು 750ರ ತನಕ. ಇದೂ ಒಳ್ಳೇ ಉಪಾಯಾನೇ. ಮೈಗೆ ಒಂದು ವಯಸ್ಸು, ಊರು ಒಪ್ಪೋದಕ್ಕೆ ಇನ್ನೊಂದು ವಯಸ್ಸು. ನಾನು ಎರಡರಿಂದಲೂ ಕಲಿತೆ, ಆದ್ರೆ ಯಾವುದನ್ನೂ ಹಾಗ್‌ಹಾಗೇ ಎತ್ಕೊಂಡು ಬರೋದು ಬೇಡ ಅಂತ ಮೊದಲೇ ತೀರ್ಮಾನ ಮಾಡಿದ್ದೆ. ನನ್ನ ಎಲ್ಫ್‌ಗಳು ಇರೋದು ಪುಷ್ಪಗಿರಿ ಥರದ ಬೆಟ್ಟದ ಬುಡದಲ್ಲಿ. ಅವರು ಕಾಲ ಎಣಿಸೋದು ಆ ಬೆಟ್ಟ ನೋಡಿ ತಾನೇ.

ಹಾಗಾಗಿ ಮೊದಲ ಕೆಲಸ, ಕ್ಯಾಲೆಂಡರ್. ಟೋಲ್ಕಿನ್ ಎಲ್ಫ್‌ಗಳಿಗೆ ಯೆನ್ ಅಂತ ಒಂದು ದೊಡ್ಡ ವರ್ಷ ಇದೆ, ನಮ್ಮ 144 ವರ್ಷಕ್ಕೆ ಅವರದ್ದು ಒಂದು. 144 ಅಂದ್ರೆ ಹನ್ನೆರಡು ಹನ್ನೆರಡ್ಲೆ. ನಮ್ಮ ಬೆಟ್ಟದಲ್ಲಿ ಹನ್ನೆರಡಕ್ಕೊಂದು ಸಲ ಬರೋದು ಯಾವುದು ಅಂತ ಯಾರನ್ನ ಕೇಳಿದ್ರೂ ಹೇಳ್ತಾರೆ, ನೀಲಕುರಿಂಜಿ. ಕುರಿಂಜಿಯಲ್ಲಿ ಜಾತಿ ಹಲವಾರು ಇದೆ, ಏಳು ವರ್ಷಕ್ಕೆ ಅರಳೋದೂ ಇದೆ, ಹನ್ನೆರಡಕ್ಕೆ ಅರಳೋದೂ ಇದೆ. 2021ರಲ್ಲಿ ಮಾಂದಲಪಟ್ಟಿ, ಕೋಟೆಬೆಟ್ಟದ ಕಡೆ ಅರಳಿದಾಗ ಜನ ಜೀಪ್ ಮಾಡ್ಕೊಂಡು ಹೋಗಿ ನೋಡಿ ಬಂದ್ರು. ಕಥೆಗೆ ನಾನು ಹನ್ನೆರಡರದ್ದೇ ಇಟ್ಕೊಂಡೆ. ಎಲ್ಫ್ ಮಗುವಿನ ಬಾಲ್ಯಾನ ಹೂವಿನಲ್ಲಿ ಎಣಿಸೋದು, ಒಂದು ಹೂವಿನ ಮಗು, ಎರಡು ಹೂವಿನ ಮಗು ಅಂತ. ಒಂದು ಹೂವಿಗೆ ಅಂದ್ರೆ 12 ವರ್ಷಕ್ಕೆ ನಮ್ಮ ನಾಲ್ಕು ವರ್ಷದ ಮಗುವಿನಷ್ಟು ಮೈ, ಎರಡು ಹೂವಿಗೆ ಏಳೆಂಟು ವರ್ಷದ್ದು, ನಾಲ್ಕು ಹೂವಿಗೆ ಹದಿನೈದು ಹದಿನಾರರ ಹಾಗೆ, ಐದು ಹೂವಿಗೆ ಅಂದ್ರೆ 60ಕ್ಕೆ ಪೂರ್ತಿ. ಬುದ್ಧಿ ಬೇಗ ಬೆಳೆಯುತ್ತೆ ಅನ್ನೋದನ್ನ ಟೋಲ್ಕಿನ್ ಹೇಳಿದ ಹಾಗೇ ಉಳಿಸ್ಕೊಂಡೆ. ಆದ್ರೆ ಅದರ ಜೊತೆಗೇ ಒಂದು ಗಟ್ಟಿ ಕಟ್ಟಳೆ ಹಾಕಿದೆ, ಐದನೇ ಹೂವು ದಾಟದೆ ಯಾರ ಮುಂದೆಯೂ ಮದುವೆ ಮಾತು ಎತ್ತಂಗಿಲ್ಲ. ಎಳೇ ಮೈಯಲ್ಲಿ ದೊಡ್ಡವರ ಮಾತು ಇರೋ ಮಕ್ಕಳನ್ನ ಇಟ್ಕೊಂಡು ಕಥೆ ಬರೆಯೋರು ಈ ಗೆರೆಯನ್ನ ಮೊದಲೇ ಗಟ್ಟಿಯಾಗಿ ಎಳೀಬೇಕು ಅನ್ನೋದು ನನ್ನ ಖಚಿತ ಅಭಿಪ್ರಾಯ. ವರ್ಷದ ಅಂಕಿ ದೊಡ್ಡದಿದೆ ಅಂತ ಮಗು ದೊಡ್ಡದಾಗಲ್ಲ.

ಬಾಲ್ಯಕ್ಕೆ ಕುರಿಂಜಿ ಆಯ್ತು, ಮದುವೆಗೆ ಅದಕ್ಕಿಂತ ದೊಡ್ಡ ಗಡಿಯಾರ ಬೇಕಿತ್ತು. ಅದು ಬಿದಿರು. ಬಿದಿರು ಹೂ ಬಿಡೋದು ನಮ್ಮಲ್ಲಿ ನಲವತ್ತೈವತ್ತು ವರ್ಷಕ್ಕೊಂದು ಸಲ ಅಂತಾರೆ, ಹೂ ಬಿಟ್ಟು ಬಿದಿರಕ್ಕಿ ಉದುರಿಸಿ ಮೆಳೆಗೆ ಮೆಳೆಯೇ ಒಣಗಿ ಹೋಗುತ್ತೆ. ಮಿಜೋರಾಮಿನ ಒಂದು ಬಿದಿರಿಗೆ ಸುಮಾರು 48 ವರ್ಷದ ಲೆಕ್ಕ ಇದೆ, ಅಲ್ಲಿ ಇದನ್ನ ಮೌತಾಮ್ ಅಂತಾರೆ. ಬಿದಿರು ಕಾಯಿ ತಿಂದು ಇಲಿಗಳು ವಿಪರೀತ ಹೆಚ್ಚಿ ಆಮೇಲೆ ಬೆಳೆಗೆ ನುಗ್ಗಿ 1959ರಲ್ಲಿ ಅಲ್ಲಿ ಬರಗಾಲಾನೇ ಬಂದಿತ್ತು. ಆ 48 ಅನ್ನೋ ಅಂಕಿ ನೋಡಿದಾಗ ನನಗೆ ರಾತ್ರಿ ನಿದ್ದೆ ಬರ್ಲಿಲ್ಲ. ನಾಲ್ಕು ಕುರಿಂಜಿ ಸೇರಿದ್ರೆ ಒಂದು ಬಿದಿರು, ಮೂರು ಬಿದಿರು ಸೇರಿದ್ರೆ 144. ಯೆನ್ ಲೆಕ್ಕ ನಮ್ಮ ಬೆಟ್ಟದ ಗಿಡಗಳಲ್ಲೇ ಕೂತಿತ್ತು. ಹಾಗಾಗಿ ನನ್ನ ಲೋಕದಲ್ಲಿ ಬಿದಿರು ಸರಿಯಾಗಿ 48 ವರ್ಷಕ್ಕೆ ಹೂ ಬಿಡುತ್ತೆ, ಎಲ್ಫ್‌ಗಳ ಮದುವೆ ನಡೆಯೋದು ಆ ಹೂವಿನ ವರ್ಷದಲ್ಲಿ ಮಾತ್ರ.

ಇಲ್ಲಿಂದ ಮುಂದಕ್ಕೆ ಗಿಡದ ಗುಣವೇ ಕಥೆ ಬರೆಸಿತು ಅಂತ ಹೇಳ್ಬೇಕು. ಬಿದಿರಿನಲ್ಲಿ ಒಂದು ವಿಚಿತ್ರ ಇದೆ, ತೋಟದ ಬೇಲಿಗೆ ಬಿದಿರು ನೆಟ್ಟವರಿಗೆ ಗೊತ್ತಿರುತ್ತೆ. ಮೆಳೆಯ ಬುಡದಿಂದ ಗಡ್ಡೆ ಕಿತ್ತು ಬೇರೆ ಕಡೆ ನೆಟ್ರೆ ಅದಕ್ಕೆ ಹೊಸ ವಯಸ್ಸು ಶುರುವಾಗಲ್ಲ, ತಾಯಿ ಮೆಳೆ ಯಾವಾಗ ಹೂ ಬಿಡುತ್ತೋ ಇದೂ ಆವಾಗ್ಲೇ ಬಿಡುತ್ತೆ, ನೆಟ್ಟು ಹತ್ತು ವರ್ಷ ಆಗಿದ್ರೂ ಅಷ್ಟೇ. ಹೊಸ ಲೆಕ್ಕ ಶುರುವಾಗೋದು ಬೀಜದಿಂದ ಹುಟ್ಟಿದ ಗಿಡಕ್ಕೆ ಮಾತ್ರ. ಎಲ್ಫ್ ಮನೆಯಲ್ಲಿ ಮಗು ಹುಟ್ಟಿದಾಗ ಮನೆ ಮೆಳೆಯಿಂದ ಒಂದು ಗಡ್ಡೆ ಕಿತ್ತು ಮಗುವಿನ ಹೆಸರಲ್ಲಿ ನೆಡ್ತಾರೆ ಅಂತ ನಾನು ಬರೆದೆ. ಅಂದ್ರೆ ಮಗು ಯಾವ ವರ್ಷ ಹುಟ್ಟಿದ್ರೂ ಅದರ ಬಿದಿರು ಊರಿನ ಬಿದಿರಿನ ಜೊತೆಗೇ ಹೂ ಬಿಡೋದು. ಹೂ ಬಿಟ್ಟ ವರ್ಷ 60 ದಾಟಿದವರು ಮದುವೆ ಆಗಬಹುದು. ದಾಟದೇ ಇದ್ದವರು ಹೊಸ ಬೀಜದ ಬಿದಿರು ಬೆಳೆದು ಮತ್ತೆ ಹೂ ಬಿಡೋ ತನಕ ಕಾಯ್ಬೇಕು. ಮದುವೆ ಶಾಸ್ತ್ರ ಅಂದ್ರೆ ಇಷ್ಟೇ, ಎರಡೂ ಕಡೆಯ ಬಿದಿರಕ್ಕಿಯನ್ನ ಒಂದೇ ಮೊರದಲ್ಲಿ ಬೆರೆಸಿ, ಅರ್ಧ ಬೇಯಿಸಿ ಊರಿಗೆಲ್ಲ ಊಟ ಹಾಕೋದು, ಉಳಿದರ್ಧ ಹೊಸ ಮನೆ ಸುತ್ತ ಬಿತ್ತೋದು. ಬಿದಿರು ಬೀಜ ಜಾಸ್ತಿ ದಿನ ಇಟ್ರೆ ಮೊಳಕೆ ಶಕ್ತಿ ಹೋಗುತ್ತೆ, ಹಾಗಾಗಿ ಆ ವರ್ಷವೇ ಬಿತ್ತಬೇಕು, ಮುಂದೂಡೋಕಾಗಲ್ಲ. ಮುಹೂರ್ತ ಅನ್ನೋದಕ್ಕೆ ಇಷ್ಟು ಗಟ್ಟಿ ಕಾರಣ ಸಿಕ್ಕಿದ್ದು ನನಗೆ ಬಹಳ ಖುಷಿ ಕೊಟ್ಟಿತು.

ನನ್ನ ನಾಯಕಿ ಹೆಸರು ನೇರಳೆ, ನಾಯಕ ಬೀಟೆ. ಎಲ್ಲರಿಗೂ ಮರದ ಹೆಸರೇ ಇಟ್ಟಿದೀನಿ. ಕಥೆ ಶುರುವಾಗೋಕೆ ಮುಂಚಿನ ಬಿದಿರು ಹೂವಿನ ವರ್ಷ ನೇರಳೆಗೆ 55, ಬೀಟೆಗೆ 61. ಅವನು ಆಗಬಹುದಿತ್ತು, ಆಗ್ಲಿಲ್ಲ, ಅವನ ಜೊತೆಯವರೆಲ್ಲ ಆದ್ರು. ಅವಳಿಗೆ ವಯಸ್ಸಾಗಿರಲಿಲ್ಲ. ಅದಾಗಿ 12 ವರ್ಷಕ್ಕೆ, ಅವಳಿಗೆ 67 ಅವನಿಗೆ 73 ಇರೋವಾಗ, ಇಬ್ಬರಿಗೂ ಪರಿಚಯ ಆಗಿ ಮನಸ್ಸು ಕೂಡುತ್ತೆ. ಮುಂದಿನ ಹೂವಿಗೆ ಇನ್ನೂ 36 ವರ್ಷ. ಸಾವಿರಾರು ವರ್ಷ ಬದುಕೋರಿಗೆ 36 ವರ್ಷ ಯಾವ ಲೆಕ್ಕ ಅಂತ ನಮ್ಮ ಮನೆಯವಳು ಕೇಳಿದ್ಲು. ಲೆಕ್ಕಾನೇ ಅಲ್ಲಿರೋದು ಅಂತ ನಾನು ಹೇಳಿದೆ. ಅವರು ಅನುಭವಿಸೋ ದಿನ ನಮ್ಮ ದಿನದಷ್ಟೇ ಉದ್ದ, ಮಳೆಗಾಲದ ಒಂದು ಮಧ್ಯಾಹ್ನ ಅವರಿಗೂ ಮಧ್ಯಾಹ್ನವೇ. ಆಯಸ್ಸು ದೊಡ್ಡದಾದ್ರೆ ಕಾಯೋದು ಸಲೀಸಾಗಿಬಿಡಲ್ಲ. ಟೋಲ್ಕಿನ್ ಕಥೆಯಲ್ಲಿ ಮನುಷ್ಯನಾದ ಅರಗಾರ್ನ್ ಎಲ್ಫ್‌ಗಳ ಮನೆಯ ಅರ್ವೆನ್‌ನ ಮೊದಲು ನೋಡಿದ್ದು 20ನೇ ವಯಸ್ಸಲ್ಲಿ, ಮಾತು ಕೊಟ್ಟುಕೊಂಡಿದ್ದು 49ರಲ್ಲಿ, ಮದುವೆ ಆಗಿದ್ದು 88ರಲ್ಲಿ. ಆವಾಗ ಅವಳಿಗೆ 2778 ವರ್ಷ. ಅಷ್ಟು ವರ್ಷದ ಮುಂದೆ ಆ 39 ವರ್ಷದ ಕಾಯುವಿಕೆ ಚಿಕ್ಕದು ಅಂತ ಓದುವಾಗ ನಮಗೆ ಒಂದು ಕ್ಷಣಾನೂ ಅನ್ಸಲ್ಲ. ಯಾಕಂದ್ರೆ ಅವನು ಮುದುಕನಾಗ್ತಿದಾನೆ ಅನ್ನೋದು ಅವಳಿಗೆ ಗೊತ್ತು.

ಮಕ್ಕಳ ಲೆಕ್ಕಕ್ಕೆ ಬರ್ತೀನಿ. ಇದನ್ನ ಬಿಟ್ಟು ಬರೆದ ಫ್ಯಾಂಟಸಿ ಓದಿದ್ರೆ ನನಗೆ ಒಂಥರಾ ಆಗುತ್ತೆ. ಸಾವು ಇಲ್ಲದ ಜನ, ಜೋಡಿಗೆ ನಾಲ್ಕು ಮಕ್ಕಳು ಅಂತ ಇಟ್ಕೊಳ್ಳಿ. 200 ಜನರಿಂದ ಶುರು ಮಾಡಿದ್ರೆ ತಲೆಮಾರಿಗೆ ಎರಡರಷ್ಟು. 48 ವರ್ಷಕ್ಕೊಂದು ತಲೆಮಾರು ಅಂತ ಹಿಡಿದ್ರೂ 480 ವರ್ಷಕ್ಕೆ ಹತ್ತನೇ ತಲೆಮಾರು ಒಂದರಲ್ಲೇ 2,04,800 ಜನ, ಹಳಬರನ್ನೆಲ್ಲ ಸೇರಿಸಿದ್ರೆ ನಾಲ್ಕು ಲಕ್ಷ ದಾಟುತ್ತೆ. 2011ರ ಜನಗಣತಿಯಲ್ಲಿ ಇಡೀ ಕೊಡಗಿನ ಜನಸಂಖ್ಯೆ 5,54,519. ಐನೂರು ವರ್ಷ ಆಗೋದ್ರೊಳಗೆ ಎಲ್ಫ್‌ಗಳು ಒಂದು ಜಿಲ್ಲೆ ತುಂಬಿಸಿಬಿಡ್ತಾರೆ, ಅದಕ್ಕೂ ಮುಂಚೆ ಕಾಡು ಮುಗಿದು ಹೋಗಿರುತ್ತೆ. ಜೋಡಿಗೆ ಎರಡೇ ಮಕ್ಕಳು ಅಂದ್ರೆ ತಲೆಮಾರಿಗೆ 200 ಜನ ಮಾತ್ರ ಸೇರೋದು, ಅದೇ 480 ವರ್ಷಕ್ಕೆ 2200. ಇದಾದ್ರೆ ಒಂದು ಕಣಿವೆ ತಡೆಯುತ್ತೆ. ಹಾಗಾಗಿ ನನ್ನ ಎಲ್ಫ್‌ಗಳಿಗೆ ಎರಡು ಮಕ್ಕಳು, ಮೂರನೇದು ಬೇಕಂದ್ರೆ ಊರೇ ಸೇರಿ ಕೂತು ಮಾತಾಡ್ಬೇಕು. ಇದೇ ಕೊಡಗಲ್ಲಿ ಕೊಡವರಲ್ಲಿ ಹಿಂದೆ ಹತ್ತು ಮಕ್ಕಳನ್ನ ಹೆತ್ತ ತಾಯಿಗೆ ಪೈತಾಂಡೆಕ್ ಅಳಪ ಅಂತ ಮಂಗಲ, ಅಂದ್ರೆ ಶುಭಕಾರ್ಯ, ಮಾಡಿ ಗೌರವಿಸ್ತಿದ್ರು. ಮಕ್ಕಳು ಉಳಿಯೋದೇ ಕಷ್ಟ ಇದ್ದ ಕಾಲ ಅದು, ಹೆತ್ತು ಉಳಿಸಿಕೊಂಡವಳು ಊರಿಗೆ ದೊಡ್ಡವಳು. ಸಾವು ಹತ್ತಿರ ಇರೋ ಜನ ಹುಟ್ಟನ್ನ ಹಾಗೆ ಹಾಡಿ ಹೊಗಳ್ತಾರೆ. ಸಾವು ದೂರ ಇರೋ ಜನದಲ್ಲಿ ಇನ್ಯಾವುದಕ್ಕೆ ಮಂಗಲ ಮಾಡ್ತಾರೆ ಅಂತ ಯೋಚಿಸಿ, ಯಜಮಾನಿಕೆ ಬಿಟ್ಟುಕೊಡೋದಕ್ಕೆ ಅಂತ ಇಟ್ಟೆ.

ಅದನ್ನ ಸ್ವಲ್ಪ ಹೇಳ್ಬೇಕು. ಕೊಡವರ ಒಕ್ಕದಲ್ಲಿ, ಅಂದ್ರೆ ಮನೆತನದಲ್ಲಿ, ಪಟ್ಟೇದಾರ ಅಂದ್ರೆ ಹಿರಿಯ, ತಲೆಮಾರಿನಿಂದ ಬಂದ ಜಮ್ಮಾ ಜಮೀನು ಇಡೀ ಒಕ್ಕಕ್ಕೆ ಸೇರಿದ್ದು, ಮೂಲಮನೆಯಾದ ಐನ್‌ಮನೆ ಎಲ್ಲರದ್ದು. ಹಿರಿಯರು ತೀರ್ಕೊಂಡ ಮೇಲೆ ಮುಂದಿನವರು ಬರ್ತಾರೆ. ಹಿರಿಯರು ತೀರ್ಕೊಳ್ಳೋದೇ ಇಲ್ಲ ಅಂದ್ರೆ? 900 ವರ್ಷದ ಒಬ್ಬರೇ ಯಜಮಾನ್ರು, ಅವರ ಕೆಳಗೆ 800 ವರ್ಷದ ಮಗ ಇನ್ನೂ ಮಗನಾಗೇ ಇರ್ತಾನೆ. ಆ ಮನೆಗೆ ಸೊಸೆಯಾಗಿ ಬರೋ ಹುಡುಗಿ ಎಂದೆಂದಿಗೂ ಕಿರಿಯಳೇ. ಇದು ನನಗೆ ತುಂಬ ಕಾಡಿದ ವಿಷಯ. ಅದಕ್ಕೇ ಪ್ರತಿ ಹೂವಿನ ವರ್ಷ ಯಜಮಾನಿಕೆ ಕೈ ಬದಲಾಗಬೇಕು, ಬಿದಿರು ಒಣಗಿದ ಹಾಗೇ ಕೂತವರು ಏಳಬೇಕು, ಎದ್ದವರಿಗೆ ಊರಲ್ಲಿ ದೊಡ್ಡ ಮಂಗಲ ಅಂತ ಮಾಡಿದೆ. ಮದುವೆಗಳೂ ಅದೇ ವರ್ಷ, ಯಜಮಾನಿಕೆ ಬದಲಾಗೋದೂ ಅದೇ ವರ್ಷ, ಹೊಸ ಜೋಡಿ ಹೊಸ ಯಜಮಾನರ ಮನೆಗೆ ಕಾಲಿಡೋದು.

ಮದುವೆಯ ಒಳಗಿನ ಶಾಸ್ತ್ರಕ್ಕೆ ನಾಪೋಕ್ಲು ಕಡೆಯ ನನ್ನ ಸ್ನೇಹಿತನ ತಂಗಿ ಮದುವೆ ನೋಡಿದ್ದು ಬಹಳ ಸಹಾಯ ಆಯ್ತು. ಕೊಡವ ಮದುವೆಯಲ್ಲಿ ಪುರೋಹಿತರು ಇರಲ್ಲ. ಹಿರಿಯರು ಒಬ್ಬೊಬ್ಬರೇ ಬಂದು ಅಕ್ಕಿ ಹಾಕಿ, ಕಿಂಡಿ ಅನ್ನೋ ಮೂತಿ ಇರೋ ತಂಬಿಗೆಯಿಂದ ಹಾಲು ಕುಡಿಸಿ, ಕೈಗೆ ಕಾಸು ಕೊಟ್ಟು ಹರಸ್ತಾರೆ. ಆಮೇಲೆ ಸಮ್ಮಂದ ಕೊಡುಪ ಅಂತ ಬರುತ್ತೆ, ಎರಡೂ ಕಡೆಯ ಅರುವರು ಎದುರು ಬದುರು ನಿಂತು, ಹುಡುಗಿಗೆ ಆ ಮನೆಯಲ್ಲಿ ಏನೇನು ಹಕ್ಕು ಅಂತ ಬಾಯಲ್ಲಿ ಕೇಳಿ, ಬಾಯಲ್ಲೇ ಒಪ್ಪಿ, ಚಿನ್ನದ ಲೆಕ್ಕಕ್ಕೆ ಸಣ್ಣ ಸಣ್ಣ ಕಲ್ಲು ಎಣಿಸಿ ಕೊಡ್ತಾರೆ. ಅರುವ ಅಂದ್ರೆ ಆ ಒಕ್ಕದವರಲ್ಲ, ಬೇರೆ ಒಕ್ಕದವರು, ಆ ಮನೆಯ ಮಾತಿಗೆ ಸಾಕ್ಷಿ, ನಾಳೆ ತೊಂದರೆ ಬಂದ್ರೆ ಮುಂದೆ ನಿಲ್ಲಬೇಕಾದವರು. ನಾನು ಊಟದ ಪಂದಿ ಕರಿ, ಕಡುಬಿಟ್ಟು ಎಲ್ಲ ಮರೆತು ಅದನ್ನೇ ನೋಡ್ತಾ ನಿಂತಿದ್ದೆ. ಸ್ನೇಹಿತನ ತಂದೆ ಹತ್ರ ಹೋಗಿ, ಅಂಕಲ್, ಇದನ್ನ ನಾನು ಕಥೆಯಲ್ಲಿ ಬಳಸ್ಕೊಳ್ಲಾ ಅಂತ ಕೇಳಿದೆ. ‘ಅರುವ ಅನ್ನೋದರ ಅರ್ಥ ಬಳಸು ಮಾರಾಯ, ನಮ್ಮ ಮಾತುಗಳನ್ನ ಕಿವಿ ಚೂಪಿನವರ ಬಾಯಿಗೆ ಹಾಕ್ಬೇಡ’ ಅಂದ್ರು. ಅದು ನ್ಯಾಯವಾದ ಮಾತು, ನಾನು ಪಾಲಿಸಿದೀನಿ. ಬದುಕಿರೋ ಒಂದು ಸಮುದಾಯದ ಪೂಜೆ, ಉಡುಪು, ಹಾಡು ಎತ್ತಿ ಎಲ್ಫ್‌ಗಳಿಗೆ ತೊಡಿಸೋದು ಬೇಡ. ಕೊಡವ ಗಂಡಸರು ತೊಡೋ ಕುಪ್ಯ ಚೇಲೆ ಪೀಚೆಕತ್ತಿ ಯಾವುದೂ ನನ್ನ ಕಥೆಯಲ್ಲಿ ಬರಲ್ಲ. ಆದ್ರೆ ಮದುವೆಗೆ ಒಬ್ಬ ಹೊರಗಿನ ಸಾಕ್ಷಿ ಬೇಕು ಅನ್ನೋ ಯೋಚನೆ ಇದೆಯಲ್ಲ, ಅದು ದೀರ್ಘಾಯುಷಿಗಳ ಕಥೆಗೆ ಪ್ರಾಣ.

ಯಾಕೆ ಅಂದ್ರೆ, 400 ವರ್ಷದ ಹಿಂದೆ ಆಡಿದ ಮಾತು ಏನು ಅಂತ ಗಂಡ ಹೆಂಡತಿಗೆ ಜಗಳ ಬಂದ್ರೆ ಯಾರನ್ನ ಕೇಳೋದು? ಎಲ್ಫ್ ಸಾಕ್ಷಿ ಇಟ್ರೆ ಅವನ ನೆನಪೂ 400 ವರ್ಷದಲ್ಲಿ ಅವನ ಇಷ್ಟಕ್ಕೆ ತಕ್ಕ ಹಾಗೆ ಸ್ವಲ್ಪ ಸ್ವಲ್ಪ ತಿರುಗಿರುತ್ತೆ, ಅವನನ್ನ ತಿದ್ದೋರು ಇಲ್ಲ. ಸಾಯೋ ಮನುಷ್ಯ ಹಾಗಲ್ಲ. ಅವನು ತಾನು ಹೋಗೋಕೆ ಮುಂಚೆ ಮಗಳಿಗೋ ಮಗನಿಗೋ ಅಕ್ಷರ ತಪ್ಪದೆ ಕಲಿಸಿ ಹೋಗ್ಬೇಕು, ಕಲಿತವರು ಅಪ್ಪ ಹೇಳಿದ ಹಾಗೇ ಹೇಳ್ಬೇಕು. ಬಾಯಿಂದ ಬಾಯಿಗೆ ಕಲಿಸಿ ಉಳಿಸೋ ಹಾಡು ಎಷ್ಟು ಗಟ್ಟಿ ಅಂತ ಕೊಡಗಿನವ್ರಿಗೆ ಯಾರೂ ಹೇಳ್ಕೊಡಬೇಕಾಗಿಲ್ಲ. ಹಾಗಾಗಿ ನನ್ನ ಕಥೆಯಲ್ಲಿ ಪ್ರತಿ ಎಲ್ಫ್ ಮದುವೆಗೂ ಒಂದು ಮನುಷ್ಯರ ಮನೆ ಸಾಕ್ಷಿ. ನೇರಳೆ ಬೀಟೆ ಮಾತು ಕೊಟ್ಟುಕೊಂಡಾಗ ಸೋಮ ಅನ್ನೋ 25ರ ಹುಡುಗ ಆ ಮಾತು ಕೇಳಿಸ್ಕೊಳ್ತಾನೆ. ಮದುವೆ ದಿನ ಅವನಿಗೆ 61, ಕೂದಲು ಬೆಳ್ಳಗಾಗಿದೆ, ಮದುಮಕ್ಕಳು ಅವನು ಅವತ್ತು ನೋಡಿದ ಹಾಗೇ ಇದಾರೆ. ಆ ಅಧ್ಯಾಯ ಬರೆಯೋವಾಗ ನಾನು ಅತ್ತಿದೀನಿ.

ಮುಖ ನೋಡಿ ವಯಸ್ಸು ಗೊತ್ತಾಗದೇ ಇರೋ ಜನರ ಮದುವೆ ಚಪ್ಪರದಲ್ಲಿ ಯಾರು ಯಾರ ಕಾಲು ಮುಟ್ಟಬೇಕು ಅನ್ನೋದು ಇನ್ನೊಂದು ಸಮಸ್ಯೆ. ಅಜ್ಜಿ, ಅಮ್ಮ, ಮಗಳು ಮೂರೂ ಜನ ಮೂವತ್ತರ ಹಾಗೆ ಕಾಣ್ತಾರೆ. ಸೊಂಟದ ದಾರಕ್ಕೆ ಪ್ರತಿ ಬಿದಿರು ಹೂವಿಗೊಂದು ಗಂಟು ಹಾಕೋದು ಅಂತ ಮಾಡಿದೆ, ಗಂಟು ನೋಡಿ ಬಗ್ಗೋದು. ಆದ್ರೆ ಓದುಗರಿಗೆ ವಯಸ್ಸು ಮುಟ್ಟಿಸಿದ್ದು ಗಂಟಲ್ಲ, ಮಾತು. ಇದು ಕನ್ನಡದಲ್ಲಿ ಬರೆಯೋರಿಗೆ ಸಿಕ್ಕಿರೋ ದೊಡ್ಡ ಭಾಗ್ಯ. ಹಲ್ಮಿಡಿ ಶಾಸನ ಸುಮಾರು ಕ್ರಿ.ಶ. 450ರದ್ದು. 1500 ವರ್ಷದ ಎಲ್ಫ್ ಅಜ್ಜಿ ಅದಕ್ಕೆ ಹತ್ತಿರದ ಕನ್ನಡವನ್ನ ಕಿವಿಯಾರೆ ಕೇಳಿರ್ತಾಳೆ, 800 ವರ್ಷದವನು ವಚನಕಾರರ ಕಾಲದ ಆಸುಪಾಸಿನ ಕನ್ನಡದಲ್ಲಿ ಬೆಳೆದಿರ್ತಾನೆ, ನೇರಳೆ ಮಾತಾಡೋದು ನಮ್ಮ ಥರ. ಅಜ್ಜಿ ಬೈಯೋವಾಗ ಮಾತ್ರ ಹಳಗನ್ನಡಕ್ಕೆ ಹೋಗ್ತಾಳೆ, ಹೊಗಳೋವಾಗ ಹೊಸಗನ್ನಡ, ಎಷ್ಟು ಸಂಕಟ ಆದ್ರೆ ಅಷ್ಟು ಹಿಂದಿನ ಭಾಷೆ. ಅತಿ ಮಾಡಿದ್ರೆ ಓದೋಕೆ ಕಷ್ಟ ಆಗುತ್ತೆ, ಒಂದು ಪುಟಕ್ಕೆ ಒಂದೆರಡು ಕ್ರಿಯಾಪದ ಸಾಕು.

ಸಂಗಾತಿ ಸತ್ತರೆ ಏನು ಅನ್ನೋದನ್ನೂ ಬಿಡೋಕಾಗಲ್ಲ, ಎಲ್ಫ್‌ಗಳು ವಯಸ್ಸಿಗೆ ಸಾಯ್ದಿದ್ರೂ ಯುದ್ಧದಲ್ಲಿ, ದುಃಖದಲ್ಲಿ ಸಾಯ್ತಾರೆ. ಟೋಲ್ಕಿನ್‌ನಲ್ಲಿ ಇದೇ ಎಲ್ಲಕ್ಕಿಂತ ಆಳವಾದ ಭಾಗ. ಮಿರಿಯೆಲ್ ಫಿಯನೋರ್‌ನ ಹೆತ್ತ ಮೇಲೆ ಜೀವ ಸೋತು ದೇಹ ಬಿಡ್ತಾಳೆ. ಎಲ್ಫ್‌ನ ಜೀವ ಸತ್ತವರ ಮನೆಯಾದ ಮಾಂಡೋಸ್‌ಗೆ ಹೋಗಿ ಅಲ್ಲಿಂದ ಮತ್ತೆ ದೇಹ ಪಡೆದು ಬರಬಹುದು, ಅಂದ್ರೆ ಹೆಂಡತಿ ವಾಪಸ್ ಬರೋ ಸಾಧ್ಯತೆ ಯಾವಾಗಲೂ ಇದೆ. ಹಾಗಿರೋವಾಗ ಗಂಡ ಫಿನ್ವೆ ಇನ್ನೊಂದು ಮದುವೆ ಆಗೋದು ಹೇಗೆ? ಮಿರಿಯೆಲ್ ಇನ್ನೆಂದೂ ವಾಪಸ್ ಬರಲ್ಲ ಅಂತ ಗಟ್ಟಿಯಾದ ಮೇಲೇ ದೇವತೆಗಳು ಕಟ್ಟಳೆ ಮಾಡಿ ಅವನಿಗೆ ಇಂಡಿಸ್ ಜೊತೆ ಮದುವೆಗೆ ಒಪ್ಪಿಗೆ ಕೊಡ್ತಾರೆ. ಮುಂದೆ ಆ ಮನೆಯಲ್ಲಿ ಅಣ್ಣತಮ್ಮಂದಿರ ನಡುವೆ ಬಂದ ಬಿರುಕು ಎಷ್ಟು ದೂರ ಹೋಯ್ತು ಅನ್ನೋದು ಓದಿದವರಿಗೆ ಗೊತ್ತು. ಆದ್ರೆ ನನಗೆ ಒಂಟಿಯಾಗಿ ಉಳಿದವರನ್ನ ಸಾವಿರ ವರ್ಷ ಒಂಟಿಯಾಗೇ ಇಡೋಕೆ ಮನಸ್ಸು ಬರಲಿಲ್ಲ. ಕೊಡವರಲ್ಲಿ ವಿಧವೆಗೆ ಮರುಮದುವೆ ಹಿಂದಿನಿಂದ್ಲೂ ಇತ್ತು, ಕೂಡಾವಳಿ ಅಂತ ಕರೀತಾರೆ. ನನ್ನ ಎಲ್ಫ್‌ಗಳಿಗೆ ಸತ್ತವರು ತಿರುಗಿ ಬರೋ ದಾರಿ ಇಲ್ಲ. ಒಂದು ಹೂವಿನ ವರ್ಷ ಕಳೀಲಿ, ಹಳೇ ಮದುವೆಯ ಸಾಕ್ಷಿ ಮನೆಯವರು ಬಂದು ಹಳೇ ಮಾತನ್ನ ಕೊನೇ ಸಲ ಎಲ್ಲರೆದುರು ಹೇಳಿ ಮುಗಿಸ್ಲಿ, ಆಮೇಲೆ ಹೊಸ ಮದುವೆ, ಯಾರೂ ಬೆರಳು ತೋರಿಸಂಗಿಲ್ಲ.

ಈಗ ಬರೀತಿರೋದು ಎರಡನೇ ಭಾಗ, ಅದಕ್ಕೆ ದಾರಿ ಸಿಕ್ಕಿದ್ದೂ ಇದೇ ಸಾಕ್ಷಿಯಿಂದ. ಸಾಕ್ಷಿ ಮನೆಯಲ್ಲೇ ವಂಶ ನಿಂತುಹೋದ್ರೆ? ಸೋಮನ ಮನೆಯಲ್ಲಿ ಮೊಮ್ಮಗಳು ಒಬ್ಬಳೇ ಉಳಿದಿದಾಳೆ, ಅವಳು ಮದುವೆಯಾಗಿ ಬೇರೆ ಮನೆ ಸೇರಿದ್ರೆ ಮಾತು ಆ ಮನೆಯಿಂದ ಹೊರಗೆ ಹೋಗುತ್ತೆ, ನೇರಳೆ ಬೀಟೆ ಮದುವೆಗೆ ಸಾಕ್ಷಿ ಇಲ್ದಂಗಾಗುತ್ತೆ. ಕೊಡವರಲ್ಲಿ ಒಕ್ಕ ನಿಂತುಹೋಗೋ ಸ್ಥಿತಿ ಬಂದ್ರೆ ಒಕ್ಕಪರಿಜೆ ಅಂತ ಒಂದು ಪದ್ಧತಿ ಇತ್ತು, ಅಳಿಯನೇ ಹೆಂಡತಿಯ ಒಕ್ಕಕ್ಕೆ ಸೇರಿ ಆ ಮನೆಯವನಾಗ್ತಾನೆ, ಮಕ್ಕಳು ಆ ಒಕ್ಕದ ಹೆಸರಲ್ಲೇ ಬೆಳೀತಾರೆ. ನನ್ನ ಕಥೆಯಲ್ಲಿ ಹಾಗೆ ಬರೋ ಅಳಿಯ ನೇರಳೆ ಮಗ. ಅವನು ಹುಟ್ಟಿದ್ದು ಮದುವೆಯಾಗಿ ಹತ್ತನೇ ವರ್ಷಕ್ಕೆ, 60 ತುಂಬೋ ಹೊತ್ತಿಗೆ ಸೋಮ ಇರಲ್ಲ, ಆ ಮೊಮ್ಮಗಳು ಇನ್ನೂ ಹುಟ್ಟಿರದಿದ್ರೂ ಕಷ್ಟ, ತೀರಾ ಮುದುಕಿ ಆಗಿದ್ರೂ ಕಷ್ಟ. ಹಾಗಾಗಿ ಅವಳನ್ನ ಮೊಮ್ಮಗಳು ಅನ್ನೋದರ ಬದಲು ಮರಿಮಗಳು ಅಂತ ಮಾಡಿದ್ರೆ ವರ್ಷ ಸರಿ ಕೂರುತ್ತಾ ಅಂತ ಎಕ್ಸೆಲ್ ಶೀಟಲ್ಲಿ ಕಾಲಮ್ಮು ಹಾಕಿ ನೋಡ್ತಿದೀನಿ. ಅವನು ಎಲ್ಫ್ ಆಗಿದ್ದುಕೊಂಡೇ ಮನುಷ್ಯರ ಮನೆ ಹೆಸರು ಹೊತ್ತು, ತನ್ನ ಅಪ್ಪ ಅಮ್ಮನ ಮದುವೆಗೆ ತಾನೇ ಸಾಕ್ಷಿ ಆಗ್ಬೇಕಾಗುತ್ತೆ, ಸಾಕ್ಷಿ ಸಾಯೋನೇ ಆಗಿರ್ಬೇಕು ಅನ್ನೋ ಕಟ್ಟಳೆ ಅಲ್ಲಿ ಮುರಿಯುತ್ತೆ. ಊರು ಒಪ್ಪುತ್ತಾ ಇಲ್ವಾ ಅನ್ನೋ ಪಂಚಾಯ್ತಿ ಅಧ್ಯಾಯವನ್ನ ಈ ಮಳೆಗಾಲದಲ್ಲಿ ಬರೆದು ಮುಗಿಸ್ಬೇಕು ಅಂತಿದೀನಿ.